ಕಟ್ಟು ಬಿಚ್ಚಿದವರು

೧೨ ಜೂನ್ ೧೯೮೯, ಸೋಮವಾರ

ಬೆಳಗಿನ ಡ್ಯೂಟಿ. ರಾಯಚೂರು ಲೈನು ಮಧ್ಯಾಹ್ನದ ತನಕ ಸತ್ತಿತ್ತು. ಸಿಂಧನೂರಿನ ಗಿರಣಿಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ನನ್ನನ್ನೇ ಬೈದರು, ಕಂಬ ಬೀಳಿಸಿದವಳು ನಾನೇ ಎಂಬಂತೆ. ಟೆಲಿಫೋನ್ ಆಪರೇಟರ್ ಅಂದರೆ ಊರಿನ ಉಗುಳುವ ತಟ್ಟೆ.

ಇವತ್ತು ಆದಮ್ಮನ ಶಾಲೆಯ ಮೊದಲ ದಿನ. ನಾವು ಆದಿ ಅನ್ನುತ್ತೇವೆ. ಬೆಳಿಗ್ಗೆ ಜಡೆಗೆ ರಿಬ್ಬನ್ ಕಟ್ಟಲು ಹೋದೆ, ಮುಂಗೈ ಕಚ್ಚಿದಳು. ಹಲ್ಲಿನ ಗುರುತು ಇನ್ನೂ ಇದೆ. ಬೈಯಲಿಲ್ಲ. ಬೈದರೆ ಅಳುವ ಹುಡುಗಿಯಾಗಿದ್ದರೆ ಬೈಯಬಹುದಿತ್ತು. ಇವಳು ಅಳುವುದಿಲ್ಲ. ಎಲ್ಲೋ ನೋಡುತ್ತ ನಿಂತುಬಿಡುತ್ತಾಳೆ.

ನಮ್ಮ ಮನೆಗೆ ಬಂದು ತಿಂಗಳಾಯಿತು. ರಾಯಚೂರಿನ ಮಕ್ಕಳ ಆಶ್ರಮದಿಂದ ಕರೆತಂದಾಗ ಅಲ್ಲಿಯ ಮೇಡಂ ಹೇಳಿದ್ದು ಇಷ್ಟೇ — ತಂದೆ ಮೊದಲೇ ಇಲ್ಲ, ತಾಯಿ ಹೊಲದಲ್ಲಿ ಹಾವು ಕಚ್ಚಿ ಸತ್ತಳು, ಗೊರೇಬಾಳದ ಚಿಕ್ಕಮ್ಮ ಸ್ವಲ್ಪ ದಿನ ಇಟ್ಟುಕೊಂಡು ಇಲ್ಲಿ ಬಿಟ್ಟಳು, ವಯಸ್ಸು ಆರು ಇರಬಹುದು, ಸ್ವಲ್ಪ ಮಂಕು. ಕೋರ್ಟಿನ ಅನುಮತಿ ಜನವರಿಗೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿರುತ್ತಾಳೆ, ಆದರೆ ನಮ್ಮವಳಲ್ಲ. ನಾವೂ ಬೇಡವೆಂದರೆ ವಾಪಸ್ ಬಿಡಬಹುದು. ಈ ಕಲಮು ಯಾರಿಗಾಗಿ ಬರೆದರೋ.

೧೫ ಜೂನ್

ಅತ್ತೆ ಪಾರ್ವತೆಮ್ಮನವರು ಮುಹೂರ್ತ ಇಡಿಸಿದ್ದಾರೆ. ಬರುವ ಸೋಮವಾರ ಆದಿಗೆ ಲಿಂಗಧಾರಣೆ. ಕೂಲಿಯವರ ಮಗು, ಯಾವ ಜಾತಿಯೋ ಏನೋ ಎಂದು ಮಸ್ಕಿಯ ಭಾವನವರ ಮನೆಯಲ್ಲಿ ಗುಸುಗುಸು ಇದೆ. ಅತ್ತೆಗೆ ಅದರ ಲೆಕ್ಕವೇ ಇಲ್ಲ. "ಲಿಂಗ ಕಟ್ಟಿದ ಮ್ಯಾಲ ಯಾರ ಮಗಳಂತ ಕೇಳೋರು ಯಾರು? ಶರಣರ ಮಗಳು, ಅಷ್ಟ" ಅಂದರು. ಈ ಮುದುಕಿಯ ಮೇಲೆ ನನಗೆ ಪ್ರೀತಿ ಉಕ್ಕುವುದು ವರ್ಷಕ್ಕೊಮ್ಮೆ. ಇವತ್ತು ಉಕ್ಕಿತು.

೧೯ ಜೂನ್, ಸಂಜೆ

ಏನು ಬರೆಯಲಿ.

ಅಯ್ಯನವರು ಬಂದರು. ವಿಭೂತಿ ಹಚ್ಚಿಸಿಕೊಂಡಳು, ಸುಮ್ಮನಿದ್ದಳು. ಹೊಸ ಲಂಗ, ಚೆಂದ ಕಾಣುತ್ತಿದ್ದಳು. ಕೊರಳಿಗೆ ಶಿವದಾರ ಹಾಕಿ ಹಿಂದೆ ಗಂಟು ಬಿಗಿದದ್ದೇ ತಡ — ಮೈ ಕಟ್ಟಿಗೆಯಾಯಿತು. ಕಣ್ಣು ತೆರೆದೇ ಇದೆ, ನಮ್ಮನ್ನು ನೋಡುತ್ತಿಲ್ಲ. ಕೂತಲ್ಲೇ ಲಂಗ ಒದ್ದೆ. ಅಯ್ಯನವರು ಮಂತ್ರ ನಿಲ್ಲಿಸಿದರು. ಮಸ್ಕಿಯಿಂದ ಬಂದವರು ಒಬ್ಬೊಬ್ಬರಾಗಿ ಎದ್ದರು. ಊಟಕ್ಕೆ ಕೂತವರು ಸಹ ಬೇಗ ಬೇಗ ಉಂಡು ಹೋದರು.

ಎತ್ತಿಕೊಂಡು ಒಳಗೆ ಹೋದೆ. ಗೋಡೆಗೆ ಒರಗಿಸಿದರೆ ಒರಗಿದಳು, ಮಲಗಿಸಿದರೆ ಮಲಗಿದಳು. ಸಂಜೆಯ ತನಕ ಹಾಗೆಯೇ.

ಅತ್ತೆ ಗಾಳಿ ಸೋಕಿದೆ ಅನ್ನುತ್ತಾರೆ. ಯಜಮಾನರು, ಜಂಬಣ್ಣನವರು, ತಮ್ಮ ಪಂಪ್‌ಸೆಟ್ ಅಂಗಡಿಗೆ ಹೋಗಿ ಕೂತರು. ಇವತ್ತು ಅಂಗಡಿ ರಜೆ.

೨೩ ಜೂನ್

ದರ್ಗಾಕ್ಕೆ ಹೋಗಿ ಬಂದೆವು. ಖಾಜಾಸಾಬ್ ಒಳ್ಳೆಯ ಮನುಷ್ಯ, ನವಿಲುಗರಿಯಿಂದ ನೇವರಿಸಿದಾಗ ಆದಿ ಕಣ್ಣು ಮುಚ್ಚಿ ಕೂತಿದ್ದಳು, ಹಿತವಾದಂತೆ ಕಂಡಿತು. ಆಮೇಲೆ ತೋಳಿಗೆ ತಾಯಿತ ಕಟ್ಟಿದರು. ಮತ್ತೆ ಅದೇ. ಅತ್ತೆ ಕಾಲಿಗೊಂದು ಕರಿದಾರ, ಸೊಂಟಕ್ಕೊಂದು ಉಡಿದಾರ ಸೇರಿಸಿದ್ದಾರೆ. ಹೆಚ್ಚು ಹೆದರಿದಳೆಂದು ಹೆಚ್ಚು ಕಟ್ಟುವುದು.

ಅನ್ನ ಬಿಟ್ಟಿದ್ದಾಳೆ. ಹಾಲು ಕುಡಿಯುತ್ತಾಳೆ.

೨ ಜುಲೈ, ಭಾನುವಾರ. ಮಸ್ಕಿ

ಭಾವನವರ ಮನೆ. ಅಕ್ಕ ಹೋಳಿಗೆ ಮಾಡಿದ್ದಳು, ಬುದ್ಧಿಮಾತನ್ನೂ ಬಡಿಸಿದಳು. ಎಲ್ಲರದೂ ಒಂದೇ ರಾಗ. ಇನ್ನೂ ಕಾಲ ಮಿಂಚಿಲ್ಲ, ಒಳ್ಳೆಯ ಕೂಸು ನೋಡಿ ತರಬಹುದು, ಇದಕ್ಕೆ ಏನೋ ಇದೆ. ತರಕಾರಿ ಕೊಂಡಂತೆ ಮಾತಾಡುತ್ತಾರೆ.

ಪೇಟೆಯ ಒಬ್ಬ ಡಾಕ್ಟರಿಗೂ ತೋರಿಸಿದೆವು. ಮೈ ಸೆಟೆಯುತ್ತದೆ ಅಂದರೆ ಫಿಟ್ಸ್ ಎಂದರು. ಗುಳಿಗೆ ಕೊಟ್ಟಿದ್ದಾರೆ.

ಬಸ್ಸಿನಲ್ಲಿ ಬರುವಾಗ ಯಜಮಾನರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು. "ಕೋರ್ಟಿಗೆ ಇನ್ನಾ ಟೈಮ್ ಐತಿ. ಈಗ ಹಿಂದಕ ಬಿಟ್ಟು ಬಂದ್ರ ಯಾರೂ ಏನೂ ಅನ್ನಂಗಿಲ್ಲ." ಆದಿ ನನ್ನ ತೊಡೆಯ ಮೇಲೆ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ, ನನಗೆ ಗೊತ್ತು.

ಅವಳ ಕಿವಿ ಮುಚ್ಚುವಂತೆ ಸೆರಗು ಹೊದಿಸಿದೆ. ಸಿಟ್ಟು ಬಂದಾಗ ನಾನು ಮಾತಾಡಿದರೆ ಕೆಟ್ಟದಾಗಿ ಮಾತಾಡುತ್ತೇನೆ.

೧೮ ಆಗಸ್ಟ್

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಗುಳಿಗೆ ನುಂಗಿ ಹಗಲೂ ತೂಕಡಿಸುತ್ತಾಳೆ. ಶಾಲೆಯಲ್ಲಿ ಬೆಂಚಿನ ಮೇಲೆ ಮಲಗಿಸಿ ಪಾಠ ಮಾಡುತ್ತಾರಂತೆ.

ಲಿಂಗಸುಗೂರಿನ ಸರ್ಕಾರಿ ಆಸ್ಪತ್ರೆಗೆ ಹೊಸ ಡಾಕ್ಟರ್ ಬಂದಿದ್ದಾರೆ, ಚಿಕ್ಕ ಹುಡುಗ. ಕರೆದುಕೊಂಡು ಹೋಗಿದ್ದೆ. ಬಹಳ ಹೊತ್ತು ನೋಡಿದರು. ಇದು ಫಿಟ್ಸ್ ಅಲ್ಲ, ಹೆದರಿಕೆ ಅಂದರು. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸದೆ ದಿನಾ ಸ್ವಲ್ಪ ಸ್ವಲ್ಪ ಇಳಿಸಬೇಕಂತೆ. ತಾವು ಓದುವಾಗ ಧಾರವಾಡದಲ್ಲಿ ಒಬ್ಬ ಡಾಕ್ಟರಮ್ಮ ಮಕ್ಕಳ ಮನಸ್ಸಿಗೇ ಚಿಕಿತ್ಸೆ ಕೊಡುತ್ತಿದ್ದರಂತೆ. ಮಕ್ಕಳ ಜೊತೆ ಆಡುತ್ತಾರಂತೆ, ಅದೇ ಚಿಕಿತ್ಸೆಯಂತೆ. ಆಟಕ್ಕೆ ಧಾರವಾಡಕ್ಕೆ ಹೋಗಬೇಕೆ ಎಂದು ಯಜಮಾನರು ಕೇಳಿದರು.

೨೯ ಆಗಸ್ಟ್

ಪಕ್ಕದ ಮೀರಾಬಿ ಜಗಳಕ್ಕೆ ಬಂದಿದ್ದಳು. ವಾರದಿಂದ ಅವಳ ಆಡನ್ನು ಯಾರೋ ಬಿಚ್ಚಿ ಬಿಡುತ್ತಿದ್ದಾರೆ. ಅದು ಹೋಗಿ ಅವರಿವರ ಹೂವಿನ ಗಿಡ ತಿಂದು ಬರುತ್ತದೆ, ಬೈಗುಳ ಇವಳಿಗೆ. ಓಣಿಯ ಹುಡುಗರನ್ನೆಲ್ಲ ಬೈದು ನಮ್ಮ ಬಾಗಿಲಿಗೆ ಬಂದಿದ್ದಳು.

ಇವತ್ತು ನನಗೆ ಮಧ್ಯಾಹ್ನ ಬಿಡುವು. ನೋಡಿಬಿಟ್ಟೆ. ಆದಿ ಬೇಲಿಯ ಸಂದಿಯಿಂದ ನುಗ್ಗಿ ಹೋಗಿ, ಆಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೊರಳಿನ ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು. ಬಿಚ್ಚಿದ ಮೇಲೆ ಆಡಿನ ಬೆನ್ನು ತಟ್ಟಿ, ಹೋಗು ಅನ್ನುವಂತೆ ಕೈ ಬೀಸಿದಳು.

ನಾನು ಬೇಲಿಯ ಈಚೆ ನಿಂತಿದ್ದೆ. ರಿಬ್ಬನ್. ಶಿವದಾರ. ತಾಯಿತ. ಕರಿದಾರ. ಹುಷಾರಾಗಲಿ ಎಂದು ನಾವು ಮಾಡಿದ ಒಂದೊಂದರಲ್ಲೂ ಒಂದು ಗಂಟು ಇತ್ತು. ಇಷ್ಟು ದಿನ ಗಾಳಿ ಅಂದೆವು, ಫಿಟ್ಸ್ ಅಂದೆವು, ಮಂಕು ಅಂದೆವು.

ಮೀರಾಬಿಗೆ ಹೇಳಿದೆ. ಅವಳು ಆದಿಯ ತೋಳಿನ ದಾರ ನೋಡಿದಳು, ನನ್ನ ಮುಖ ನೋಡಿದಳು. ನಾಳೆಯಿಂದ ಆಡನ್ನು ಕಟ್ಟದೆ ಕೋಣೆಗೆ ಕೂಡುತ್ತೇನೆ ಎಂದು ಹೋದಳು.

೨ ಸೆಪ್ಟೆಂಬರ್

ಅತ್ತೆಗೆ ಹೇಳಿದ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದರು. ದೇವರ ದಾರಕ್ಕೆ ಹೆದರುತ್ತಾಳೆ ಅಂದರೆ ಅವರಿಗೆ ನೋವಾಗದೆ ಇರುತ್ತದೆಯೇ. ಕಟ್ಟಿದ್ದು ಪ್ರೀತಿಯಿಂದಲೇ.

ಇವತ್ತು ಪೂಜೆ ಮುಗಿಸಿ ಬಂದು ಆದಿಯ ಎದುರು ನೆಲದ ಮೇಲೆ ಕೂತರು. ಮಂಡಿ ನೋವು, ನೆಲದಲ್ಲಿ ಕೂತವರೇ ಅಲ್ಲ. ಕೈಯಲ್ಲಿ ಕತ್ತರಿ. "ನಾನ ಕಟ್ಟೀನಿ, ನಾನ ಬಿಚ್ಚತೀನಿ. ಬಿಚ್ಚಲೇನವಾ?" ಎಂದು ಕೇಳಿದರು. ಆದಿ ಬಹಳ ಹೊತ್ತು ನೋಡಿದಳು. ಆಮೇಲೆ ಕಾಲು ಮುಂದೆ ಚಾಚಿದಳು.

ಕಾಲಿನದು, ಸೊಂಟದ್ದು, ತೋಳಿನದು. ಕೊನೆಗೆ ಶಿವದಾರ. ಅದನ್ನು ಕತ್ತರಿಸಲಿಲ್ಲ, ಗಂಟು ಬಿಚ್ಚಿ ಕಣ್ಣಿಗೊತ್ತಿಕೊಂಡರು. ಲಿಂಗವನ್ನು ಕರಡಿಗೆಯಲ್ಲಿ ಹಾಕಿ ಜಗುಲಿಯ ಮೇಲಿಟ್ಟರು. ಪೂಜೆ ಮಾಡುವುದು ಅಂಗೈಯಲ್ಲಿ, ಕೊರಳಲ್ಲಿ ಅಲ್ಲ ಎಂದು ಅಯ್ಯನವರೇ ಹೇಳಿದ್ದಾರೆ ಎಂದು ನನಗೆ ಜೋರು ಮಾಡಿ ಹೇಳಿದರು, ನಾನೇನೋ ವಾದ ಮಾಡಿದಂತೆ.

ರಾತ್ರಿ ಅನ್ನ ಉಂಡಳು. ಶಾಲೆಯಲ್ಲಿ ರಿಬ್ಬನ್ ಕೇಳುತ್ತಾರೆಂದು ಕೂದಲು ಕುತ್ತಿಗೆಯವರೆಗೆ ಕತ್ತರಿಸಿಬಿಟ್ಟೆ. ಅದಕ್ಕೆ ಮಾತ್ರ ಅತ್ತೆ ಇನ್ನೂ ಗೊಣಗುತ್ತಿದ್ದಾರೆ.

೧೨ ಸೆಪ್ಟೆಂಬರ್. ಧಾರವಾಡ

ಹುಬ್ಬಳ್ಳಿ ಆಪರೇಟರಿಗೆ ದುಂಬಾಲು ಬಿದ್ದು ಡಾಕ್ಟರಮ್ಮನ ನಂಬರು ಹುಡುಕಿಸಿದ್ದೆ. ಇಷ್ಟು ವರ್ಷ ಊರವರ ಟ್ರಂಕ್ ಕಾಲ್ ಜೋಡಿಸಿದವಳು, ನನಗಾಗಿ ಜೋಡಿಸಿಕೊಂಡದ್ದು ಇದೇ ಮೊದಲು.

ಐವತ್ತರ ಹೆಂಗಸು. ನೆಲದ ಮೇಲೆ ಚಾಪೆ, ಬೊಂಬೆ, ಜೇಡಿಮಣ್ಣು, ನೂಲಿನ ಉಂಡೆ. ನಮ್ಮನ್ನು ಮೂಲೆಯಲ್ಲಿ ಕೂರಿಸಿದರು. ಆದಿಗೆ ಏನೂ ಹೇಳಲಿಲ್ಲ, ತಾವೇ ಮಣ್ಣಿನಲ್ಲಿ ಒಲೆ ಮಾಡುತ್ತ ಕೂತರು. ಆದಿ ಎಷ್ಟೋ ಹೊತ್ತಿನ ಮೇಲೆ ಒಂದು ಸಣ್ಣ ಬೊಂಬೆ ತೆಗೆದುಕೊಂಡಳು. ನೂಲು ಹರಿದು ಅದನ್ನು ಕುರ್ಚಿಯ ಕಾಲಿಗೆ ಕಟ್ಟಿದಳು. ಬಹಳ ಸುತ್ತು. ದೊಡ್ಡ ಬೊಂಬೆಯನ್ನು ಕೋಣೆಯ ಆ ತುದಿಗೆ ಒಯ್ದು ಬೋರಲು ಮಲಗಿಸಿ ಬಂದಳು. ಬಂದು ಸಣ್ಣದರ ಪಕ್ಕ ಕೂತಳು. ಅಷ್ಟೇ ಆಟ.

ಯಜಮಾನರು ಎದ್ದು ಹೊರಗೆ ಹೋದರು. ಆಮೇಲೆ ನೋಡಿದರೆ ವರಾಂಡದಲ್ಲಿ ಮುಖ ತೊಳೆಯುತ್ತಿದ್ದರು.

ಡಾಕ್ಟರಮ್ಮ ಹೇಳಿದ್ದು — ತಿಂಗಳಿಗೊಮ್ಮೆ ಬರಬೇಕು. ಅವಳ ಮೈಗೆ ಅವಳನ್ನು ಕೇಳದೆ ಏನೂ ತೊಡಿಸಬಾರದು. ತಾಯಿ ಸತ್ತ ದಿನ ನಡೆದದ್ದೇನು ಎಂದು ಕಂಡವರಿಂದ ತಿಳಿದು ಬರಬೇಕು. ಅವಳು ತಾನಾಗಿ ಕೇಳುವ ತನಕ ನಾವಾಗಿ ಎತ್ತಬಾರದು. ಕೇಳಿದಾಗ ಮಾತ್ರ… ಅದನ್ನು ಎರಡು ಸಲ ಹೇಳಿದರು: "ಸುಳ್ಳು ಹೇಳಬ್ಯಾಡ್ರಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ರಿ. ಒಮ್ಮೆ ಸುಳ್ಳು ಅಂತ ತಿಳೀತಂದ್ರ, ಈ ಹುಡುಗಿ ಮತ್ತ ಯಾರನ್ನೂ ನಂಬಂಗಿಲ್ಲ."

ಇದು ನನಗೆ ಹೇಳಬೇಕಾದ ಮಾತಲ್ಲ. ಸುಳ್ಳು ನನಗೆ ಮೊದಲಿನಿಂದ ಆಗದು.

೧೭ ಸೆಪ್ಟೆಂಬರ್, ಭಾನುವಾರ

ಗೊರೇಬಾಳ. ನಾನೊಬ್ಬಳೇ ಹೋದೆ. ಆದಿಯ ಚಿಕ್ಕಮ್ಮ ಯಮನಮ್ಮ ನಾಟಿಗೆ ಹೋಗಿ ಬಂದು ಕಾಲು ತೊಳೆಯುತ್ತಿದ್ದಳು. ನನ್ನನ್ನು ನೋಡಿ, ಕೂಸನ್ನು ತಿರುಗಿ ತಂದಿರೇನು ಎಂದು ಹಿಂದೆ ನೋಡಿದಳು. ಅವಳಿಗೇ ನಾಲ್ಕು ಮಕ್ಕಳು.

ಎರಡು ವರ್ಷದ ಹಿಂದಿನದು. ಇವಳ ಅಕ್ಕ, ಆದಿಯ ತಾಯಿ, ಒಬ್ಬಳೇ ಕಳೆ ಕೀಳಲು ಹೋಗಿದ್ದಳಂತೆ, ಕಾಲುವೆಯ ದಂಡೆಯ ಹೊಲ. ಕೂಸನ್ನು ಸೀರೆಯ ತುಂಡಿನಿಂದ ಜಾಲಿ ಗಿಡಕ್ಕೆ ಕಟ್ಟಿ ಗದ್ದೆಗೆ ಇಳಿದಳು. ಸಂಜೆ ಹಾವು ಕಡಿಯಿತು. ಮನೆಗೆ ಬರದಿದ್ದಾಗ, ತವರಿಗೆ ಹೋಗಿರಬೇಕು ಎಂದು ಇವರು ಸುಮ್ಮನಾದರು. ಮರುದಿನ ಮಧ್ಯಾಹ್ನ ಸುದ್ದಿ ಬಂತು. ಇವಳು ಹೋದಾಗ ಅಕ್ಕ ಆಚೆಯ ಒಡ್ಡಿನ ಹತ್ತಿರ ಬಿದ್ದಿದ್ದಳು, ಬೋರಲಾಗಿ. ಕೂಸನ್ನು ಬೆಳಿಗ್ಗೆಯೇ ಯಾರೋ ಬಿಚ್ಚಿ ದಂಡೆಯ ಮೇಲೆ ಕೂರಿಸಿದ್ದರು. ಯಾರೋ ನಿರಾಶ್ರಿತರ ಕ್ಯಾಂಪಿನವರು, ಹೆಸರು ಗೊತ್ತಿಲ್ಲ.

ಕಟ್ಟಿದ್ದೇಕೆ ಎಂದು ನಾನು ಕೇಳಬಾರದಿತ್ತು. ಕೇಳಿದೆ. ಯಮನಮ್ಮನಿಗೆ ಸಿಟ್ಟೇ ಬಂತು. "ಕಟ್ಟದ ಹೆಂಗ ಬಿಡಾದ್ರಿ ಅಕ್ಕಾರ? ಬಾಜೂಕ ಕಾಲುವಿ ಐತಿ. ಕೂಸು ಉಳೀಲಂತನ ಕಟ್ಟಾದು. ನಾವೆಲ್ಲಾರೂ ಹಂಗ ಕಟ್ಟತೀವಿ."

ಬಸ್ಸಿನಲ್ಲಿ ಅತ್ತೆಯ ನೆನಪಾಯಿತು. ಅವರ ದಾರವೂ ಕೂಸು ಉಳಿಯಲಿ ಅಂತಲೇ.

೧೪ ಅಕ್ಟೋಬರ್

ಎರಡನೆಯ ಸಲ ಧಾರವಾಡ. ಅದೇ ಆಟ, ಅದೇ ಬೊಂಬೆ. ಆದರೆ ಈ ಸಲ ಡಾಕ್ಟರಮ್ಮ ಕೇಳಿದಾಗ, ಸಣ್ಣ ಬೊಂಬೆ ಅಳುತ್ತಿದೆ ಎಂದಳಂತೆ. ಬೊಂಬೆ ಅಳುತ್ತಿರುವುದು ಒಳ್ಳೆಯದಂತೆ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡಳು, ನನ್ನ ಸೀರೆಯ ಮೇಲೇ. ಅದೂ ಒಳ್ಳೆಯದೇ ಇರಬೇಕು.

೨೬ ನವೆಂಬರ್

ಜಗಳ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಧಾರವಾಡ ಮೂರು ಸಲವಾಯಿತು, ಏನು ಬದಲಾಗಿದೆ ಎಂದರು ಯಜಮಾನರು. ಇನ್ನೂ ನಮ್ಮನ್ನು ಏನೆಂದೂ ಕರೆಯುವುದಿಲ್ಲ, ಎಲ್ಲೋ ನೋಡುತ್ತಾಳೆ, ಇದು ಹೀಗೆಯೇ ಉಳಿದರೆ ನಮ್ಮ ಕಾಲಾನಂತರ ಗತಿಯೇನು. ಕೋರ್ಟಿನ ತಾರೀಕು ಬಂದಿದೆ, ಜನವರಿ ಹದಿನಾರು. ಸಹಿ ಹಾಕುವ ಮೊದಲು ಇನ್ನೊಮ್ಮೆ ಯೋಚಿಸೋಣ ಎಂದರು. ಹಾಕದಿದ್ದರೆ ನಾನೂ ಅವಳ ಜೊತೆ ಆಶ್ರಮಕ್ಕೇ ಹೋಗುತ್ತೇನೆ ಎಂದೆ. ಕೆಟ್ಟ ಮಾತು. ವಾಪಸ್ ತೆಗೆದುಕೊಳ್ಳುವುದಿಲ್ಲ.

ಅವರು ಕೆಟ್ಟವರಲ್ಲ. ಹೆದರಿದ್ದಾರೆ. ಪಂಪು ಕೆಟ್ಟರೆ ಬಿಚ್ಚಿ ನೋಡಿ ಇಂಥದ್ದೇ ಹೋಗಿದೆ ಎಂದು ಹೇಳುವ ಮನುಷ್ಯ, ಇಲ್ಲಿ ಕೈ ಎಲ್ಲಿ ಇಡಬೇಕೆಂದು ತಿಳಿಯದು.

೩೧ ಡಿಸೆಂಬರ್

ಸಂಜೆ. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದೆ. ಯಜಮಾನರು ಪೇಪರ್ ಓದುತ್ತಿದ್ದರು. ಆದಿ ಪಕ್ಕದಲ್ಲಿ ಕೂತು ನೆಲ್ಲು ಹೆಕ್ಕುತ್ತಿದ್ದವಳು, ತಲೆ ಎತ್ತದೆ ಕೇಳಿದಳು.

"ನನ್ನ ಯಾರು ಬಿಚ್ಚಿದ್ರು?"

ಯಾಕೆ ಕಟ್ಟಿದರು ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆ ಉತ್ತರ ತಯಾರಿತ್ತು. ಇದಕ್ಕೆ ಇರಲಿಲ್ಲ. ಗೊತ್ತಿಲ್ಲವ್ವಾ, ಯಾರೋ ಕ್ಯಾಂಪಿನವರಂತೆ ಎಂದೆ. ಅವಳು ಮತ್ತೆ, "ಅವ್ವ ಯಾಕ ಬಿಚ್ಚಲಿಲ್ಲ? ನಾ ಕರದೆ. ಭಾಳ ಕರದೆ" ಅಂದಳು.

ಅದಕ್ಕೂ ಗೊತ್ತಿಲ್ಲ ಅನ್ನಲೇ? ಹಾವು ಕಚ್ಚಿತ್ತು, ಅವಳಿಗೆ ಬರಲು ಆಗಲಿಲ್ಲ ಎಂದೆ. ನಿಜ. ಆದಿ ಮತ್ತೆ ನೆಲ್ಲು ಹೆಕ್ಕತೊಡಗಿದಳು. ಆ ನಿಜ ಅವಳಿಗೆ ಸಾಕಾಗಲಿಲ್ಲ, ನನಗೂ ಸಾಕಾಗಲಿಲ್ಲ. ಯಜಮಾನರ ಪೇಪರ್ ಒಂದೇ ಪುಟದಲ್ಲಿ ನಿಂತಿತ್ತು.

೧೧ ಜನವರಿ ೧೯೯೦, ಗುರುವಾರ

ಯಜಮಾನರು ಬೆಳಿಗ್ಗೆಯೇ ಆರ್.ಎಚ್. ಕ್ಯಾಂಪಿಗೆ ಹೋದವರು ಮಧ್ಯಾಹ್ನ ಬಂದರು. ಅಲ್ಲಿಯ ಬಂಗಾಲಿ ರೈತರು ಪಂಪಿಗೆ ಇವರ ಹತ್ತಿರವೇ ಬರುತ್ತಾರೆ. ವಾರದಿಂದ ಬಂದವರನ್ನೆಲ್ಲ ವಿಚಾರಿಸುತ್ತಿದ್ದರಂತೆ, ನನಗೆ ಹೇಳಿರಲಿಲ್ಲ. ಆದಿಯನ್ನು ಬಿಚ್ಚಿದವಳು ಸಿಕ್ಕಿದ್ದಾಳೆ, ಸರಲಾಬಾಲಾ ಎಂದು, ವಯಸ್ಸಾದವಳು. ಭಾನುವಾರ ಆದಿಯನ್ನು ಕರೆದುಕೊಂಡು ಬರುತ್ತೇವೆಂದು ಹೇಳಿ ಬಂದಿದ್ದಾರೆ. ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ. ಆದಿಗೆ ಬೇಕೆನಿಸಿದರೆ ಹೋಗಿ ಅಂದರು.

ಕೇಳಿದೆ. ಚಪ್ಪಲಿ ಹಾಕಿಕೊಂಡು ಬಂದು ನಿಂತಳು. ಭಾನುವಾರ ಅಂದರೆ ಇವತ್ತಲ್ಲ ಎಂದು ತಿಳಿಸಬೇಕಾಯಿತು.

೧೪ ಜನವರಿ, ಭಾನುವಾರ

ಸಂಕ್ರಾಂತಿ. ಕ್ಯಾಂಪಿನಲ್ಲಿಯೂ ಹಬ್ಬ, ಮನೆ ಮನೆಯಲ್ಲಿ ಅಕ್ಕಿಹಿಟ್ಟಿನ ಕಡುಬು. ಸರಲಾಬಾಲಾ ನಮಗೂ ಇಟ್ಟಳು. ಆದಿ ತಿನ್ನಲಿಲ್ಲ, ಅವಳ ಕೈಗಳನ್ನೇ ನೋಡುತ್ತಿದ್ದಳು.

ಮುದುಕಿಯ ಕನ್ನಡ ತುಂಡು ತುಂಡು. ನೀರು ತಿರುಗಿಸಲು ಬೆಳಗಿನ ಜಾವ ಹೋಗಿದ್ದೆ, ನಿನ್ನನ್ನು ಕಂಡೆ, ಕುಡುಗೋಲಿನಿಂದ ಬಟ್ಟೆ ಕೊಯ್ದೆ ಎಂದಳು. ನೀನು ನನ್ನ ಕೊರಳು ಹಿಡಿದವಳು ಬಿಡಲಿಲ್ಲ ಎಂದಳು. ಆಮೇಲೆ ಯಜಮಾನರ ಕಡೆ ಒಮ್ಮೆ ನೋಡಿ, ಆದಿಯ ಗಲ್ಲ ಹಿಡಿದು ಹೇಳಿದಳು:

"ನಿನ್ನ ಮಾ ಮರದ ಹತ್ತಿರ ಇದ್ದಳು. ತೆವಳಿ ತೆವಳಿ ಬಂದಳು. ಕೈ ಗಂಟಿನ ಮೇಲೆ ಇತ್ತು. ಬಿಚ್ಚುತಾ ಇದ್ದಳು."

ಆದಿಯ ಬಾಯಿ ತೆರೆಯಿತು. ಮೊದಲು ಸದ್ದೇ ಬರಲಿಲ್ಲ. ಆಮೇಲೆ ಬಂತು. ಎಂಟು ತಿಂಗಳಲ್ಲಿ ಮೊದಲ ಸಲ ಅತ್ತಳು, ಕ್ಯಾಂಪಿನ ಜನ ಬಂದು ಬಾಗಿಲಲ್ಲಿ ನಿಲ್ಲುವಷ್ಟು. ಎತ್ತಿಕೊಂಡವರು ಯಜಮಾನರು. ಅವರ ಅಂಗಿಯ ಕಾಲರ್ ಹಿಡಿದು ಬಿಡಲೇ ಇಲ್ಲ, ಸಿಂಧನೂರಿನ ತನಕ.

ನನಗೆ ಮಾತ್ರ ಯಮನಮ್ಮನ ಮಾತು ಕಿವಿಯಲ್ಲಿ. ಆಚೆಯ ಒಡ್ಡು, ಬೋರಲು. ಬೊಂಬೆಯನ್ನೂ ಆದಿ ದೂರದಲ್ಲೇ ಮಲಗಿಸಿದ್ದಳು. ಯಾರೋ ಹೆಣವನ್ನು ಒಡ್ಡಿನ ಕಡೆಗೆ ಸರಿಸಿರಬಹುದು. ಕತ್ತಲಲ್ಲಿ ಮಗುವಿಗೆ ಕಂಡಿರಲಿಕ್ಕಿಲ್ಲ, ನಿದ್ದೆಯಲ್ಲಿದ್ದಾಗ ತಾಯಿ ಬಂದಿರಬಹುದು. ಅಥವಾ ಗುರುವಾರ ಹೋಗಿ ಬಂದ ಯಜಮಾನರು ಮುದುಕಿಗೆ ಏನಾದರೂ ಹೇಳಿಕೊಟ್ಟು ಬಂದಿರಬಹುದು. ಮುದುಕಿ ಅವರ ಕಡೆ ನೋಡಿದ ಆ ನೋಟ ನಾನು ಕಂಡಿದ್ದೇನೆ.

ಕೇಳಬೇಕು. ಡಾಕ್ಟರಮ್ಮ ಎರಡು ಸಲ ಹೇಳಿದ್ದಾರೆ.

೧೫ ಜನವರಿ

ಕೇಳಲಿಲ್ಲ. ಅವರು ಬೆಳಿಗ್ಗೆ ಅಂಗಡಿಗೆ ಹೋಗದೆ ಕೋರ್ಟಿಗೆ ಹಾಕುವ ಅಂಗಿಗೆ ತಾವೇ ಇಸ್ತ್ರಿ ಮಾಡುತ್ತಿದ್ದರು. ಎದುರು ಹೋಗಿ ನಿಂತೆ. ತಲೆ ಎತ್ತಿ ನೋಡಿದರು. ನಾನು ಕೇಳಿದರೆ ಹೇಳಿಬಿಡುತ್ತಾರೆ, ಆ ಮುಖದಲ್ಲಿ ಕಂಡಿತು. ಟೀ ಬೇಕೆ ಎಂದು ಕೇಳಿ ಬಂದೆ.

ಅಡುಗೆಮನೆಯಲ್ಲಿ ಆದಿ ಅತ್ತೆಗೆ ಹೇಳುತ್ತಿದ್ದಳು. "ನಮ್ಮವ್ವ ಬಂದಿದ್ಲಂತ ಅಜ್ಜಿ. ಬಿಚ್ಚಾಕತ್ತಿದ್ಲಂತ." ಅತ್ತೆ, ಮತ್ತೇನು ಮಾಡ್ಯಾಳ, ಹಡದಾಕಿ ಬರದ ಇರ್ತಾಳೇನು ಎಂದು ರೊಟ್ಟಿ ಬಡಿಯುತ್ತಲೇ ಇದ್ದರು. ಇದೇ ಮಾತನ್ನು ಮಧ್ಯಾಹ್ನ ಮೀರಾಬಿಗೂ ಹೇಳಿ ಬಂದಿದ್ದಾಳೆ.

ಸುಳ್ಳಾಗಿದ್ದರೆ ಮುಂದೊಂದು ದಿನ ತಿಳಿಯುತ್ತದೆ. ಆ ದಿನ ಇವಳ ಎದುರು ನಾನು ಕೂರಬೇಕು. ಹೆದರಿಕೆಯಾಗುತ್ತದೆ. ಇಷ್ಟಾದರೂ ಅದು ನಿಜವಾಗಿರಲಿ ಎಂದೇ ಮನಸ್ಸು ಹೇಳುತ್ತಿದೆ. ನನ್ನ ಇಷ್ಟು ವರ್ಷದಲ್ಲಿ ಯಾವ ಸುದ್ದಿಯನ್ನೂ ನಿಜವಾಗಿರಲಿ ಎಂದು ಇಷ್ಟು ಬೇಡಿಕೊಂಡಿಲ್ಲ.

೧೬ ಜನವರಿ, ಬೆಳಿಗ್ಗೆ

ಏಳರ ಬಸ್ಸು. ಬುತ್ತಿ ಕಟ್ಟಿ ಆಯಿತು. ಯಜಮಾನರು ಸ್ಟ್ಯಾಂಡಿಗೆ ಹೋಗಿ ಸೀಟು ಹಿಡಿಯುತ್ತೇನೆಂದು ಆಗಲೇ ಹೊರಟರು. ಪೆನ್ನು ತಮ್ಮ ಜೇಬಿನಲ್ಲೇ ಇದೆ, ನೀನು ತರಬೇಡ ಎಂದರು. ಅತ್ತೆ ವಿಭೂತಿ ಹಚ್ಚಿದರು, ಆದಿಗೆ.

ಕೋರ್ಟಿನಲ್ಲಿ ಏನು ಕೇಳುತ್ತಾರೋ. ಸಾಹೇಬರು ಅವಳನ್ನೇ ಕೇಳಿದರೆ, ಇವರು ನಿನಗೆ ಏನಾಗಬೇಕು ಎಂದು ಕೇಳಿದರೆ

ಹಿತ್ತಿಲಿನಿಂದ ಕೂಗುತ್ತಿದ್ದಾಳೆ. ಯವ್ವಾ ಅಂತ. ಹಾಗೆ ಕೂಗಿದ್ದು ನಾನು ಕೇಳಿಯೇ ಇಲ್ಲ. ನನ್ನನ್ನೋ, ಹಡೆದವಳನ್ನೋ… ಮತ್ತೆ ಕೂಗಿದಳು. ಯಾರನ್ನಾದರೂ ಕೂಗಲಿ, ಈ ಮನೆಯಲ್ಲಿ ಹೋಗಬೇಕಾದವಳು ನಾನೇ —